ಒದರಲಾರದ ತಾರ ಷಡ್ಜ ಮುಟ್ಟೂದು ಹೆಂಗ: ದನಿಯ ರೇಂಜ್ ಮತ್ತ ಏರು ಸ್ವರದ ಅಭ್ಯಾಸ

ಬಾಗಲಕೋಟಿ ಕಡೆ ಹಾಡು ಕಲಿಸಾಂವ ನಾನು. ಭಜನಿ ಮ್ಯಾಳದವರು, ಮೊಬೈಲನ್ಯಾಗ ಕರೋಕೆ ಹಾಡವರು, ಮಕ್ಕಳನ್ನ ಕ್ಲಾಸಿಗೆ ಕರಕೊಂಡು ಬರೂ ಅವ್ವಂದಿರು, ಎಲ್ಲಾರೂ ಕೇಳೂದು ಒಂದ ಪ್ರಶ್ನೆ: "ಸರ, ಕೆಳಗ ಚಲೋ ಬರ್ತೈತಿ, ಅಂತರಾಕ್ಕ ಹೋದ ಕೂಡಲೇ ದನಿ ಒಡಿತೈತಿ, ಏನ ಮಾಡ್ಬೇಕು?" ಅಂತರಾ ಅಂದ್ರ ಹಾಡಿನ ಎರಡನೇ ಭಾಗ, ಮ್ಯಾಲಿನ ಸಾ (ತಾರ ಷಡ್ಜ) ಬರೂದು ಅಲ್ಲೇ, ಸಿಕ್ಕಿ ಬೀಳೂದೂ ಅಲ್ಲೇ. ಒಬ್ಬೊಬ್ಬರಿಗೆ ಹೇಳಿ ಹೇಳಿ ಸಾಕಾಗೇತಿ, ಹಂಗಾಗಿ ಒಮ್ಮೆ ಕುಂತು ಪೂರ್ತಿ ಬರದಬಿಡ್ತೀನಿ.

ಮೊದಲ ಒಂದ ಮಾತು. ನಮ್ಮ ಕಡೆ ಹತ್ತರಾಗ ಎಂಟು ಮಂದಿಗೆ ದನಿ ಇಲ್ಲ ಅಂತಲ್ಲ, ಪಟ್ಟಿ (ಸಾ ಹಿಡಿಯೂ ಎತ್ತರ, ಸ್ಕೇಲ್) ತಪ್ಪು ಹಿಡಿದಿರ್ತಾರ, ಆಮ್ಯಾಲ ಆ ತಪ್ಪು ಮುಚ್ಚಾಕ ಒದರ್ತಾರ. ಏರು ಸ್ವರ ಬ್ಯಾರೆ, ಜೋರು ದನಿ ಬ್ಯಾರೆ. ಇದನ್ನ ಬೇರ್ಪಡಿಸೂದ ಈ ಎಲ್ಲಾ ಅಭ್ಯಾಸದ ಕೆಲಸ.

ಏನೇನ ಬೇಕು

ಫೋನು, ಅದರಾಗ ಒಂದು ಪುಕ್ಕಟ ತಾನಪುರ (ತಂಬೂರಿ) ಆಪ್, ರೆಕಾರ್ಡರ್, ಒಂದು ಗ್ಲಾಸ್ ನೀರು, ಜ್ಯೂಸ್ ಕುಡಿಯೂ ಸ್ಟ್ರಾ ಒಂದು, ದಿನಕ್ಕ ಇಪ್ಪತ್ತು ನಿಮಿಷ. ಪೇಟಿ (ಹಾರ್ಮೋನಿಯಂ) ಇದ್ರ ಭಾಳ ಚಲೋ, ಇಲ್ಲಂದ್ರ ಫೋನಿನ್ಯಾಗಿನ ಪಿಯಾನೊ ಆಪ್ ಸಾಕು. ರೊಕ್ಕ ಕೊಟ್ಟು ಏನೂ ತಗೋಬ್ಯಾಡ್ರಿ.

ಗಂಟಲದಾಗ ಏನ ನಡಿತೈತಿ

ಇದನ್ನ ಓದಲಾರದ ಮುಂದ ಹೋಗಬ್ಯಾಡ್ರಿ, ಯಾಕಂದ್ರ ಉಳಿದದ್ದೆಲ್ಲಾ ಇದರ ಮ್ಯಾಲ ನಿಂತೈತಿ.

ಗಂಟಲಮಣಿ ಹಿಂದ ಎರಡು ಸಣ್ಣ ಮಡಿಕಿ ಅದಾವು, ಧ್ವನಿತಂತು ಅಂತಾರ, ಗಂಡಸರಿಗೆ ಸುಮಾರು ಎರಡು ಸೆಂಟಿಮೀಟರ್ ಉದ್ದ, ಹೆಂಗಸರಿಗೆ ಅದಕ್ಕಿಂತ ಗಿಡ್ಡ. ಶ್ವಾಸ ಮ್ಯಾಲ ಬರುಮುಂದ ಇವು ಬಡಕೊಂಡು ನಡಗತಾವು, ಅದ ದನಿ. ಗಂಡಸು ಕರಿ ಒಂದರ, ಅಂದ್ರ ಪೇಟಿಯ ಮೊದಲ ಕರಿ ಮನಿಯ, ಮಧ್ಯ (ನಡುವಿನ) ಸಾ ಹಾಡಿದಾಗ ಸೆಕೆಂಡಿಗೆ ಸುಮಾರು 139 ಸಲ ನಡಗತಾವು. ಅದ ಪಟ್ಟಿಯ ತಾರ ಸಾಕ್ಕ ಹೋದ್ರ ಬರೋಬ್ಬರಿ ಅದರ ಎರಡು ಪಟ್ಟು, 277 ಸಲ. ಅಷ್ಟು ಬಿರುಸು ನಡಗಬೇಕಂದ್ರ ತಂತು ಉದ್ದ ಜಗ್ಗಬೇಕು, ತೆಳ್ಳಗಾಗಬೇಕು. ಏಕತಾರಿ ತಂತಿ ಬಿಗಿ ಮಾಡಿದ್ರ ಸ್ವರ ಏರ್ತೈತಲ್ಲ, ಹಂಗ. ತಂತಿ ಜೋರಾಗಿ ಮೀಟಿದ್ರ ಸಪ್ಪಳ ಹೆಚ್ಚಾಗ್ತೈತಿ ಹೊರತು ಸ್ವರ ಏರೂದಿಲ್ಲ. ನಾವು ಮಾಡೂ ತಪ್ಪು ಅದ ಐತಿ, ಬಿಗಿ ಮಾಡೂದು ಬಿಟ್ಟು ಜೋರ ಮೀಟತೀವಿ.

ಮಾತಾಡೂ ಮುಂದ ತಂತು ದಪ್ಪ ಇರ್ತಾವು, ಎದಿಮ್ಯಾಲ ಕೈ ಇಟ್ರ ಗುಂಯ್ ಅಂತೈತಿ, ಇದಕ್ಕ ಚೆಸ್ಟ್ ವಾಯ್ಸ್ ಅಂತಾರ, ಎದಿ ದನಿ. ಮಗುವಿಗೆ ಜೋಗುಳ ಹಾಡಿದಂಗ ಸಣ್ಣಗ "ಊ" ಅಂದ್ರ ತಂತು ತೆಳ್ಳಗಾಗತಾವು, ಗುಂಯ್ ಅನ್ನೂದು ತಲಿ ಕಡೆ ಹೋದಂಗ ಅನಸತೈತಿ, ಇದು ಹೆಡ್ ವಾಯ್ಸ್, ತಲಿ ದನಿ. ಗಂಡಸರು ಪೂರ್ತಿ ತೆಳ್ಳಗ, ಗಾಳಿ ಗಾಳಿ ದನಿ ತಗದ್ರ ಅದು ಫಾಲ್ಸೆಟೊ, ಕಳ್ಳ ದನಿ ಅನ್ರಿ ಬೇಕಾರ. ಎದಿ ದನಿಯ ದಪ್ಪ ಹೊತಗೊಂಡ ಮ್ಯಾಲ ಹತ್ತಾಕ ಹೋದ್ರ ಒಂದು ಜಾಗಾದಾಗ ತಂತು ತಾಳಲಾರದ ಒಮ್ಮೆಲೇ ತೆಳ್ಳಗ ಜಾರತಾವು. "ದನಿ ಒಡೀತು" ಅಂತೀರಲ್ಲ, ಅದ ಇದು. ರೋಗ ಅಲ್ಲ, ಗೇರ್ ಬದಲ ಆದದ್ದು. ಕ್ಲಚ್ ಹಿಡಿಲಾರದ ಹಾಕಿದ್ದಕ್ಕ ಕಟಕ್ ಅಂತು, ಅಷ್ಟ.

1. ಮೊದಲ ನಿಮ್ಮ ರೇಂಜ್ ಬರಕೋರಿ

ರೇಂಜ್ ಅಂದ್ರ ನಿಮ್ಮ ದನಿ ಎಲ್ಲಿಂದ ಎಲ್ಲಿತನಕ ಹೋಗತೈತಿ ಅನ್ನೂ ಅಳತಿ. ಪೇಟಿ ಮುಂದ ಕುಂತು "ಆ" ಅಂತ ಒಂದೊಂದ ಮನಿ (ಕೀ) ಕೆಳಗ ಇಳೀರಿ, ಎಲ್ಲಿ ದನಿ ಗೊರಗೊರ ಅಂತೈತೋ ಅಲ್ಲಿ ನಿಲ್ರಿ, ಬರಕೋರಿ. ಆಮ್ಯಾಲ ಏರ್ಕೋತ ಹೋಗ್ರಿ. ಮ್ಯಾಲ ಎರಡು ಗುರುತು ಹಾಕೋಬೇಕು: ಆರಾಮ ಬರೂ ಕೊನಿ ಸ್ವರ ಒಂದು, ಹೆಂಗರ ಮಾಡಿ ಮುಟ್ಟೂ ಕೊನಿ ಸ್ವರ ಇನ್ನೊಂದು. ಹಾಡಾಕ ಲೆಕ್ಕಕ್ಕ ಬರೂದು ಮೊದಲನೇದು. ಎರಡನೇದನ್ನ ಮಂದಿ ಮುಂದ ಹೇಳಕೊಂಡು ಮೆರೀಬಹುದು, ಅಷ್ಟ ಅದರ ಉಪಯೋಗ.

ಮುಂಜಾನೆ ಎದ್ದ ಕೂಡಲೇ ಅಳೀಬ್ಯಾಡ್ರಿ, ಆವಾಗ ದನಿ ದಪ್ಪ ಇರ್ತೈತಿ, ಕೆಳಗ ಚಲೋ ಹೋಗತೈತಿ, ಮ್ಯಾಲ ಹತ್ತೂದಿಲ್ಲ. ಮೂರು ದಿನ ಸಂಜಿಮುಂದ ಅಳೀರಿ. ಕಲೀಲಾರದವರಿಗೆ ಒಂದೂವರಿಯಿಂದ ಎರಡು ಸಪ್ತಕ ಬಂದ್ರ ಅದು ಸಹಜ. ಸಪ್ತಕ ಅಂದ್ರ ಒಂದು ಸಾದಿಂದ ಮುಂದಿನ ಸಾತನಕ. ಕೆಳಗಿಂದು ಮಂದ್ರ, ನಡುವಿಂದು ಮಧ್ಯ, ಮ್ಯಾಲಿಂದು ತಾರ.

2. ಪಟ್ಟಿ ಸರಿ ಮಾಡ್ರಿ (ಅರ್ಧ ತ್ರಾಸ ಇಲ್ಲೇ ಮುಗಿತೈತಿ)

ಪಟ್ಟಿ ಅಂದ್ರ ನೀವು ಸಾ ಹಿಡಿಯೂ ಮನಿ, ಶಹರದವರು ಸ್ಕೇಲ್ ಅಂತಾರ. ಪೇಟಿ ಮ್ಯಾಲಿನ ಕರಿ ಬಿಳಿ ಮನಿ ಎಣಿಸಿ ಕರಿ ಒಂದು, ಬಿಳಿ ಎರಡು ಅಂತ ಹೇಳೂದು ನಿಮಗ ಗೊತ್ತೈತಿ. ಸಾಮಾನ್ಯ ಗಂಡಸರಿಗೆ ಬಿಳಿ ಒಂದರಿಂದ ಕರಿ ಎರಡರ ತನಕ, ಹೆಂಗಸರಿಗೆ ಕರಿ ಮೂರರಿಂದ ಕರಿ ಐದರ ತನಕ ಹೊಂದತೈತಿ. ಇದು ಕಾಯ್ದೆ ಅಲ್ಲ, ನಿಮ್ಮ ಅಳತಿ ಏನ ಹೇಳತೈತೋ ಅದ ಖರೇ. ಲೆಕ್ಕ ಹಿಂಗ ಹಾಕ್ರಿ: ಹಾಡಿನ್ಯಾಗ ಎಲ್ಲಾಕಿಂತ ಮ್ಯಾಲಿನ ಸ್ವರ ಯಾವುದು ಹುಡುಕ್ರಿ, ಅದು ನಿಮ್ಮ "ಆರಾಮ ಬರೂ ಕೊನಿ ಸ್ವರ"ಕ್ಕಿಂತ ಒಂದ ಮನಿ ಕೆಳಗ ಬೀಳಬೇಕು. ಅದಕ್ಕ ತಕ್ಕಂಗ ಸಾ ಇಳಸ್ರಿ.

ಇಲ್ಲೇ ನಮ್ಮ ಮಂದಿಗೆ ಮರ್ಯಾದಿ ಅಡ್ಡ ಬರ್ತೈತಿ. ಪಟ್ಟಿ ಇಳಿಸಿದ್ರ ಸಣ್ಣಾಂವ ಆದಂಗ. ಇದರ ಬೇರು ಎಲ್ಲಿ ಐತಿ ಅಂದ್ರ ಕಂಪನಿ ನಾಟಕದಾಗ. ಮೈಕ್ ಇಲ್ಲದ ಕಾಲದಾಗ ಸಾವಿರ ಮಂದಿಗೆ ಕೇಳಬೇಕಂದ್ರ ಎತ್ತರದ ಪಟ್ಟಿಯೊಳಗ ಹಾಡೂದು ಬಿಟ್ಟು ಬ್ಯಾರೆ ದಾರಿ ಇರಲಿಲ್ಲ, ಎತ್ತರದ ದನಿ ಗದ್ದಲ ಸೀಳಿಕೊಂಡು ಹೋಗತೈತಿ. ಇಲ್ಲೇ ಬೀಳಗಿಯ ಗಾಯಕಿ ಅಮೀರಬಾಯಿ ಕರ್ನಾಟಕಿ ಅವರ ಹಳೇ ರೆಕಾರ್ಡ್ ಕೇಳ್ರಿ, ಪಕ್ಕದ ಮಿರಜದಾಗ ನೆಲೆಸಿದ್ದ ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಮ್ ಖಾನ್ ಸಾಹೇಬರಿಗೆ ಕಿವಿ ಕೊಡ್ರಿ, ಎಷ್ಟ ಎತ್ತರ, ಮತ್ತ ಎಷ್ಟ ತೆಳ್ಳಗ, ಎಲ್ಲೂ ಒದರಿದಂಗ ಅನಸೂದಿಲ್ಲ. ಅವರ ಎತ್ತರ ನಾವು ಹಿಡಕೊಂಡ್ವಿ, ಅವರ ತೆಳುವು ಬಿಟ್ಟಬಿಟ್ವಿ. ಬಾದಾಮಿ ಬನಶಂಕರಿ ಜಾತ್ರಿಯೊಳಗ ಇವತ್ತಿಗೂ ಕಂಪನಿ ಡೇರೆ ಬೀಳತಾವು, ಈಗ ಎಲ್ಲಾ ಕಡೆ ಮೈಕ್ ಐತಿ, ಆದ್ರೂ ಪೇಟಿ ಕರಿ ನಾಕಕ್ಕ ಹಚ್ಚಿದ್ರನ ಖುಷಿ. ಕರಿ ನಾಕರ ತಾರ ಸಾ ಅಂದ್ರ ಸೆಕೆಂಡಿಗೆ 415 ಸಲ. ಕರಿ ಒಂದರ 277 ಎಲ್ಲಿ, ಇದೆಲ್ಲಿ. ಶ್ರಾವಣದಾಗ ಮ್ಯಾಳದವರೆಲ್ಲಾ ಗುಡಿಯೊಳಗ ರಾತ್ರಿ ಪೂರ್ತಿ ಇದರಾಗ ಹಾಡಿ, ತಿಂಗಳ ಮುಗಿಯೂದರೊಳಗ ಗಂಟಲ ಕಟಗೊಂಡು ಕೈಸನ್ನಿ ಮಾಡಿ ಮಾತಾಡೂದು ನಾನು ನೋಡೇನಿ, ಸಣ್ಣಾಂವ ಇದ್ದಾಗ ಮಾಡೂ ಮಾಡೇನಿ.

ಕರೋಕೆ ಹಾಡವರು ಆಪ್‌ನ್ಯಾಗ ಪಿಚ್ ಅಂತ ಪ್ಲಸ್ ಮೈನಸ್ ಇರ್ತೈತಿ ನೋಡ್ರಿ, ಒಂದ ಸಲ ಒತ್ತಿದ್ರ ಪೇಟಿಯ ಒಂದ ಮನಿ. ಎರಡು ಮೂರು ಮೈನಸ್ ಮಾಡಿ ಹಾಡಿದ್ರ ಯಾರೂ ಕಂಡುಹಿಡಿಯೂದಿಲ್ಲ, ನಿಮ್ಮ ಗಂಟಲಕ್ಕ ಮಾತ್ರ ಗೊತ್ತಾಗ್ತೈತಿ. ಹೆಂಗಸರ ಹಾಡು ಗಂಡಸರು ಹಾಡಬೇಕಂದ್ರ ನಾಕೈದು ಮನಿ ಸರಿಸಬೇಕಾಗ್ತೈತಿ, ಇಳಿಸೂದೋ ಏರಿಸೂದೋ ಎರಡೂ ಮಾಡಿ ನೋಡ್ರಿ.

3. ಶ್ವಾಸ

ಎಲ್ಲಾರೂ ಇದನ್ನ ತಪ್ಪು ತಿಳಕೊಂಡಾರ. ಏರು ಸ್ವರ ಬರೂದ ಕಂಡ ಕೂಡಲೇ ಭುಜ ಎತ್ತಿ ಎದಿ ತುಂಬ ಗಾಳಿ ತುಂಬ್ಕೋತಾರ, ಆ ಗಾಳಿ ಎಲ್ಲಾ ಒಮ್ಮೆಲೇ ಹೊರಗ ಬರಾಕ ದೂಡತೈತಿ, ತಡಿಯಾಕ ಗಂಟಲ ಬಿಗಿತೈತಿ. ಸ್ವರ ಸತ್ತದ್ದು ಗಾಳಿ ಕಡಿಮಿ ಆಗಿ ಅಲ್ಲ, ಗಾಳಿ ಹೆಚ್ಚಾಗಿ.

ನೆಲದ ಮ್ಯಾಲ ಅಂಗಾತ ಮಲಕೊಂಡು ಹೊಟ್ಟಿ ಮ್ಯಾಲ ಒಂದು ಪುಸ್ತಕ ಇಡ್ರಿ. ಶ್ವಾಸ ತಗೊಂಡಾಗ ಪುಸ್ತಕ ಏರಬೇಕು, ಭುಜ ಅಲ್ಲಾಡಬಾರದು. ಇದು ಬಂದಮ್ಯಾಲ ಎದ್ದು ನಿಂತು, ಮುಕ್ಕಾಲು ಶ್ವಾಸ ಅಷ್ಟ ತಗೊಂಡು "ಸ್ಸ್‌ಸ್" ಅಂತ ಸೈಕಲ್ ಪಂಚರ್ ಆದಂಗ ಸಣ್ಣಗ ಬಿಡ್ರಿ, ಬಿಡೂ ಮುಂದ ಪಕ್ಕಲುಬು ಧಡಕ್ಕನ ಕುಸೀಬಾರದು. ಮೊದಲ ಹದಿನೈದು ಸೆಕೆಂಡ್ ಬರ್ತೈತಿ, ಹೋಗ್ತ ಹೋಗ್ತ ಮೂವತ್ತಕ್ಕ ಹೋಗ್ರಿ. ಇದಕ್ಕ ಸಪೋರ್ಟ್ ಅಂತಾರ, ಶ್ವಾಸಕ್ಕ ಆಸರ.

ಶ್ವಾಸ ಭಾಳ ಇದ್ರ ಮಾತ್ರ ಹಾಡಬಹುದು ಅನ್ನವರಿಗೆ ಒಂದು ಹೆಸರು ಹೇಳ್ತೀನಿ. ಬೆಳಗಾವಿ ಜಿಲ್ಲೆಯ ಸುಳೇಭಾವಿಯೊಳಗ 1924ರಾಗ ಹುಟ್ಟಿದ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರಿಗೆ ಕ್ಷಯ ಆಗಿ ಒಂದು ಪುಪ್ಪುಸ ಹೋತು, ವರ್ಷಗಟ್ಟಲೆ ಹಾಡೂದು ಬಂದ್ ಇತ್ತು. ವಾಪಸ್ ಬಂದು ಸಣ್ಣ ಸಣ್ಣ ತುಂಡಿನ್ಯಾಗ, ನಡುನಡುವ ಉಸಿರು ತಗೊಂಡು ಹಾಡಿದ್ರು, ತಾರ ಸಪ್ತಕದ ಸ್ವರ ಮಿಂಚು ಹೊಡದಂಗ ಹೋಗಿ ಮುಟ್ಟಿ ಬರ್ತಿದ್ದವು. ನಮಗಂತೂ ಎರಡೂ ಗಟ್ಟಿ ಅದಾವು.

4. ದನಿ ಬಿಸಿ ಮಾಡ್ರಿ: ಬುರ್ರ್ ಮತ್ತ ಸ್ಟ್ರಾ

ಐದು ನಿಮಿಷ ಸಾಕು, ಬಿಡಬ್ಯಾಡ್ರಿ ಮಾತ್ರ. ಹುಡುಗರು ಟ್ರ್ಯಾಕ್ಟರ್ ಆಟ ಆಡಿದಂಗ ತುಟಿ ಬುರ್ರ್ ಅನಿಸಿಕೋತ ಸಾ ರೆ ಗ ಮ ಪ ಮ ಗ ರೆ ಸಾ ಹಾಡ್ರಿ. ತುಟಿ ನಿಂತ್ರ ಗಾಳಿ ಸಾಲವಲ್ದು ಇಲ್ಲಾ ತುಟಿ ಬಿಗಿ ಹಿಡದೀರಿ ಅಂತ ಅರ್ಥ, ಗಲ್ಲಕ್ಕ ಎರಡು ಬಟ್ಟು ಒತ್ತಿ ಹಿಡದು ನೋಡ್ರಿ. ಆಮ್ಯಾಲ ಗ್ಲಾಸಿನ ನೀರೊಳಗ ಸ್ಟ್ರಾ ಎರಡು ಸೆಂಟಿಮೀಟರ್ ಅಷ್ಟ ಮುಳುಗಿಸಿ, ಗುಳುಗುಳು ಮಾಡಿಕೋತ "ಊ" ಅಂತ ಕೆಳಗಿಂದ ಮ್ಯಾಲ, ಮ್ಯಾಲಿಂದ ಕೆಳಗ ಸೈರನ್ ಹೊಡದಂಗ ಜಾರ್ರಿ. ನೋಡವರಿಗೆ ನಗಿ ಬರ್ತೈತಿ, ಬರ್ಲಿ. ಬಾಯಿ ಅರ್ಧ ಮುಚ್ಚಿದಾಗ ಗಾಳಿಯ ಒತ್ತು ಸ್ವಲ್ಪ ಹಿಂದಕ್ಕ ತಿರಗತೈತಿ, ತಂತು ಒಂದಕ್ಕೊಂದು ಬಿರುಸು ಬಡಕೊಳ್ಳೂದಿಲ್ಲ, ಹಂಗಾಗಿ ತ್ರಾಸಿಲ್ಲದ ಜಗ್ಗಾಕ ಕಲೀತಾವು. ದನಿ ಚಿಕಿತ್ಸಾ ಮಾಡವರೂ ಇದನ್ನ ಹೇಳಿಕೊಡ್ತಾರ.

5. ಮ್ಯಾಲಿಂದ ಕೆಳಗ ಬರ್ರಿ

ಎಲ್ಲಾದರಾಗ ಮುಖ್ಯ ಹಂತ ಇದು, ತಿಂಗಳಗಟ್ಟಲೆ ಬೇಕು, ಮತ್ತ ಎಲ್ಲಾರೂ ಬ್ಯಾಸರ ಮಾಡ್ಕೊಂಡು ಬಿಡೂದೂ ಇದನ್ನ.

ನಿಮ್ಮ ದನಿ ಎಲ್ಲಿ ಒಡಿತೈತಿ ಗುರುತು ಮಾಡ್ರಿ. ಗಂಡಸರು ಕರಿ ಒಂದರಾಗ ಹಾಡಿದ್ರ ಭಾಳ ಮಾಡಿ ತಾರ ಸಾದಿಂದ ತಾರ ಗಾದ ನಡುವ, ಹೆಂಗಸರು ಕರಿ ನಾಕರಾಗ ಹಾಡಿದ್ರ ಪಂಚಮ ದಾಟಿ ತಾರ ಸಾದ ಸುತ್ತಮುತ್ತ. ಆ ಜಾಗಾಕ್ಕಿಂತ ಮೂರು ನಾಕು ಮನಿ ಮ್ಯಾಲ ಹೋಗಿ, ಸಣ್ಣ ದನಿಲೆ "ಊ" ಹಿಡೀರಿ. ಅಲ್ಲಿಂದ ಸಾವಕಾಶ ಕೆಳಗ ಜಾರಿಕೋತ ಬರ್ರಿ, ದನಿ ಸಣ್ಣಂದ ಇರ್ಲಿ, ಎದಿ ದನಿ ಗಪ್ಪನ ಬಂದು ಹಿಡಕೊಳ್ಳಾಕ ಬಿಡಬ್ಯಾಡ್ರಿ. ಒಡಿಯೂ ಜಾಗಾದಾಗ ಪುಕ್ ಅಂದ್ರ ಅನ್ಲಿ, ಮತ್ತೊಮ್ಮೆ ಮಾಡ್ರಿ, ಇನ್ನಾ ಸಣ್ಣಗ. ಹದಿನೈದು ದಿನದಾಗ ಆ ಪುಕ್ ಸಣ್ಣದಾಗ್ತೈತಿ. ಆವಾಗ "ಊ" ಬಿಟ್ಟು "ನೂ", "ಮೀ", ಆಮ್ಯಾಲ "ಮಾ" ಅಂತ ಮಾಡ್ರಿ. ಹಿಂಗ ದಪ್ಪ ತೆಳುವು ಎರಡೂ ಕೂಡಿ ಬರೂ ದನಿಗೆ ಮಿಕ್ಸ್ ಅಂತಾರ, ಎದಿ ದನಿಯ ಬಣ್ಣ, ತಲಿ ದನಿಯ ಹಗುರ.

ಗಂಡಸರಿಗೆ ಒಂದು ಮಾತು ಬಿಚ್ಚಿ ಹೇಳ್ಬೇಕು. ಸಣ್ಣ ದನಿ ತಗೀರಿ ಅಂದ್ರ "ಹೆಂಗಸರಂಗ ಅನಸತೈತ್ರಿ" ಅಂತ ನಾಚತಾರ, ಬಾಗಲಾ ಹಾಕ್ಕೊಂಡು ಮಾಡ್ತಾರ, ಇಲ್ಲಾ ಮಾಡೂದ ಇಲ್ಲ. ಅದನ್ನ ಮಾಡಲಾರದ ಮುಂದಿನ ದಾರಿ ಇಲ್ಲ. ಈ ಹಂತದಾಗ ಜೋರಾಗಿ ಮಾಡಿದ್ರ ಕೆಲಸ ಕೆಡತೈತಿ. ಬಾಜೂ ಖೋಲಿಯೊಳಗ ಕೂಸು ಮಲಗೇತಿ ಅಂತ ತಿಳಕೊಂಡು ಮಾಡ್ರಿ.

ಕೆಳಗಿಂದ ಮ್ಯಾಲ ಹತ್ತೂದು ಎರಡು ಮೂರು ವಾರ ಆದಮ್ಯಾಲ. ಸಾ ರೆ ಗ ಮ ಪ ಮ ಗ ರೆ ಸಾ, "ನೂ" ಅಂತ, ಒಂದ ಮನಿ ಏರಿಸಿ ಮತ್ತ ಅದ. ಏರಿದಂಗ ದನಿ ಸಣ್ಣದು ಮಾಡ್ಕೋತ ಹೋಗಬೇಕು, ನಿಮ್ಮ ಮೈ ಅದಕ್ಕ ಉಲ್ಟಾ ಮಾಡಂತ ಹೇಳತೈತಿ, ಕೇಳಬ್ಯಾಡ್ರಿ.

6. ಬಾಯಿ, ಗದ್ದ, ನಾಲಿಗಿ

ಕನ್ನಡಿ ಮುಂದ ನಿಂತು ಏರು ಸ್ವರ ಹಾಡ್ರಿ. ಗದ್ದ ಮ್ಯಾಲ ಏಳತೈತೇನು? ಹುಬ್ಬು ಹಣಿಗೆ ಹತ್ತೈತೇನು? ಕುತಗಿ ನರ ಉಬ್ಬ್ಯಾವೇನು? ಸ್ವರ ಆಕಾಶದಾಗ ಇರೂದಿಲ್ಲ, ಮುಖ ಎತ್ತಿ ನೋಡಾಕ. ಗದ್ದ ಸಪಾಟ ಇರ್ಲಿ, ಕೆಳಗಿನ ದವಡಿ ಸಡಿಲ ಬಿಡ್ರಿ, ನಾಲಿಗಿ ತುದಿ ಕೆಳಗಿನ ಹಲ್ಲಿಗೆ ಹತ್ತಿರ್ಲಿ. ನಾಲಿಗಿ ಹಿಂದಕ್ಕ ಹೋದ್ರ ದನಿ ನುಂಗಿದಂಗ ಆಗತೈತಿ.

ಬಾಯಿಯ ಆಕಾರ ದನಿಗೆ ಏನ ಮಾಡತೈತಿ ಅನ್ನೂದಕ್ಕ ವಿಜಯಪುರದ ಗೋಳಗುಮ್ಮಟ ನೆನಸ್ಕೋರಿ. ಮ್ಯಾಲ ಹತ್ತಿ ಹುಡುಗರೆಲ್ಲಾ ಚೀರತಾರ, ಆದ್ರ ಖರೇ ಮಜಾ ಇರೂದು ಈಚೆ ಗ್ವಾಡಿಗೆ ಪಿಸುಗುಟ್ಟಿದ್ದು ಸುಮಾರು 38 ಮೀಟರ್ ಆಚೆ ಕುಂತಾಂವನ ಕಿವಿಗೆ ಬೀಳೂದರಾಗ. ಅಲ್ಲಿ ಕೆಲಸ ಮಾಡಿದ್ದು ಗುಮ್ಮಟದ ದುಂಡು ಗ್ವಾಡಿ, ಚೀರಿದಾಂವನ ಬಲ ಅಲ್ಲ. ಬಾಯೊಳಗಿನ ಲೆಕ್ಕ ಬ್ಯಾರೆ, ಆದ್ರ ಅಲ್ಲೂ ಆಕಾರನ ದನಿ ದೊಡ್ಡದು ಮಾಡತೈತಿ. ಅಗಲ ಬಾಯಿ ತಗದು ಚಪ್ಪಟಿ "ಆ" ಅಂತ ಏರಿದ್ರ ಅದು ಒದರಿಕಿ ಆಗತೈತಿ, ಅದ "ಆ"ಕ್ಕ ಒಂಚೂರು "ಅ"ದ ಇಲ್ಲಾ "ಓ"ದ ನೆರಳು ಕೊಡ್ರಿ, ಆಕಳಿಸೂ ಮುಂದ ಹಿಂದಿನ ಅಂಗಳ ಏಳತೈತಲ್ಲ, ಹಂಗ. ಏಕದಂ ಹಗುರ ಆಗತೈತಿ. "ಈ" ಬಂದ್ರ ತುಟಿ ಕಿಸಿಬ್ಯಾಡ್ರಿ, ಒಳಗ ಜಾಗಾ ಮಾಡ್ರಿ.

ಕನ್ನಡ ಹಾಡವರಿಗೆ ಒಂದು ಪುಣ್ಯ ಐತಿ, ನಮ್ಮ ಶಬ್ದ ಹೆಚ್ಚಾಗಿ ಸ್ವರಾಕ್ಷರದಾಗ ಮುಗಿತಾವು, ಎಳಿಯಾಕ ಏನರ ಸಿಕ್ಕ ಸಿಗತೈತಿ. ಆದ್ರ ನಮ್ಮ ಕಡೆ ಮಾತಿನ್ಯಾಗ ಕೊನಿ ಉಕಾರ ನುಂಗಿಬಿಡ್ತೀವಿ, "ಬಂದು" ಅನ್ನೂದು "ಬಂದ್" ಆಗತೈತಿ. ಹಾಡುಮುಂದ ಆ ಉಕಾರ ವಾಪಸ್ ತರ್ರಿ, ಬಾಯಿ ಮುಚ್ಚಿದ ಅಕ್ಷರದ ಮ್ಯಾಲ ಏರು ಸ್ವರ ನಿಲ್ಲೂದಿಲ್ಲ.

7. ಈಗ ಹಾಡಿಗೆ ಹಚ್ಚರಿ

ಪೂರ್ತಿ ಹಾಡು ಬ್ಯಾಡ. ಸಿಕ್ಕ ಬೀಳೂ ಒಂದ ಸಾಲು ತಗೋರಿ. ಎರಡು ಮನಿ ಇಳಿಸಿ ಮೊದಲ ಬುರ್ರ್ ಅಂತ, ಆಮ್ಯಾಲ "ನೂ" ಅಂತ, ಆಮ್ಯಾಲ ಬರೇ ಸ್ವರಾಕ್ಷರ, ಕಡೀಕ ಶಬ್ದ. ಮೂರು ದಿನ ಆರಾಮ ಬಂದಮ್ಯಾಲ ಒಂದ ಮನಿ ಏರಸ್ರಿ. ಏರು ಸ್ವರಕ್ಕ ಎರಡು ಶಬ್ದ ಮೊದಲ ಉಸಿರು ಎಲ್ಲಿ ತಗೋಬೇಕು ಅನ್ನೂದು ಹಾಳಿ ಮ್ಯಾಲ ಗೀಟ ಹಾಕಿ ಇಟ್ಕೋರಿ, ಸ್ವರ ಬಂದಮ್ಯಾಲ ವಿಚಾರ ಮಾಡಿದ್ರ ತಡ ಆಗೇತಿ.

ಮೈಕ್ ಇದ್ರ ಮೈಕ್ ದುಡೀಲಿ. ಗಣಪತಿ ಮಂಟಪದಾಗ ಡೊಳ್ಳು, ಡಿಜೆ ನಡುವ ಹಾಡುಮುಂದ ನಿಮ್ಮ ದನಿ ನಿಮಗ ಕೇಳೂದಿಲ್ಲ, ಕೇಳಲಾರದಾಗ ಮನಷ್ಯಾ ಗೊತ್ತಿಲ್ಲದ ಒದರತಾನ, ಇದು ಎಲ್ಲಾರದೂ ಹಣೇಬರಾ. ಮೊದಲ ಸೌಂಡಿನವಗ ಹೇಳಿ ಒಂದು ಸ್ಪೀಕರ್ ನಿಮ್ಮ ಕಡೆ ತಿರಗಿಸಿ ಇಡಸ್ಕೋರಿ. ಅದಾಗಲಿಲ್ಲಂದ್ರ ಒಂದು ಕಿವಿ ಕೈಲೆ ಮುಚ್ಚಿ ಹಾಡ್ರಿ. ಹಳೇ ಹಾಡುಗಾರರು ಕಿವಿಗೆ ಕೈ ಹಚ್ಚೂದು ಬರೇ ಗತ್ತಿಗಲ್ಲ.

8. ದಿನಾ ಎಷ್ಟ, ಮತ್ತ ಯಾವಾಗ ನಿಲ್ಲಸಬೇಕು

ವಾರಕ್ಕ ಐದಾರು ದಿನ, ಇಪ್ಪತ್ತು ನಿಮಿಷ. ಐತವಾರಕ್ಕ ಒಮ್ಮೆ ಎರಡು ತಾಸು ಹಾಡಿದ್ರ ಉಪಯೋಗಿಲ್ಲ. ಹಾಡಿ ಮುಗಿಸಿದಮ್ಯಾಲ ಮಾತಾಡಿ ನೋಡ್ರಿ, ದನಿ ಮೊದಲಿನಕಿಂತ ಒರಟ ಆಗಿದ್ರ ಇವತ್ತು ತಪ್ಪು ಮಾಡೀರಿ. ಗಂಟಲದಾಗ ಕೆರತ, ಕೆಮ್ಮು, ನೋವು ಬಂದ್ರ ಅಲ್ಲೇ ನಿಲ್ಲಸ್ರಿ. "ನೋವಾದ್ರ ದನಿ ಪಕ್ವ ಆಗತೈತಿ" ಅನ್ನೂದು ಶುದ್ಧ ಸುಳ್ಳು. ನೆಗಡಿ ಬಂದಾಗ, ಗಂಟಲ ಕಟ್ಟಿದಾಗ ಅಭ್ಯಾಸ ಬ್ಯಾಡ, ಪಿಸುಗುಟ್ಟೂದೂ ಬ್ಯಾಡ, ಸುಮ್ಮ ಇರೂದ ಚಲೋ. ಎರಡು ಮೂರು ವಾರ ಆದ್ರೂ ದನಿ ಸರಿ ಆಗಲಿಲ್ಲಂದ್ರ ಕಿವಿ ಮೂಗು ಗಂಟಲ ಡಾಕ್ಟರ್ ಕಡೆ ಹೋಗಿ ಕ್ಯಾಮೆರಾ ಹಾಕಿ ನೋಡಸ್ರಿ. ಒದರಿ ಒದರಿ ತಂತು ಮ್ಯಾಲ ಸಣ್ಣ ಗಂಟು ಆಗತಾವು, ಮೊದಲ ಗೊತ್ತಾದ್ರ ಭಾಳ ಮಂದಿಗೆ ದನಿಗೆ ವಿಶ್ರಾಂತಿ ಮತ್ತ ಸ್ಪೀಚ್ ಥೆರಪಿಲೆ ಕಮ್ಮಿ ಆಗತಾವು.

ತಿನ್ನೂದರ ಬಗ್ಗೆ ಭಾಳ ಕೇಳ್ತೀರಿ. ಜೇಷ್ಠಮಧು, ಕಲ್ಲಸಕ್ಕರಿ, ಶುಂಠಿ, ಬಾಯಿಗೆ ಹಿತ ಅನಸತಾವು, ತಪ್ಪಿಲ್ಲ, ಆದ್ರ ನುಂಗಿದ್ದು ಅನ್ನನಾಳಕ್ಕ ಹೋಗತೈತಿ, ಧ್ವನಿತಂತುಗೆ ತಾಗೂದಿಲ್ಲ, ಅವುಗಳಿಂದ ಸ್ವರ ಏರೂದಿಲ್ಲ. ನೀರೂ ಹಂಗ, ಹಾಡೂ ಹೊತ್ತಿಗೆ ಒಂದು ಗುಟುಕು ಕುಡದ್ರ ಆಗೂದಿಲ್ಲ, ದಿನಾ ಪೂರ್ತಿ ಕುಡೀಬೇಕು, ಅದರಾಗೂ ನಮ್ಮ ಬ್ಯಾಸಗಿಯೊಳಗ. ಧ್ವನಿತಂತುಗೆ ನೇರ ಮುಟ್ಟೂದು ಬರೇ ನೀರಿನ ಹಬಿ. ರಾತ್ರಿ ಹತ್ತಕ್ಕ ಮಿರ್ಚಿ, ಕೆಂಪು ಖಾರ ರೊಟ್ಟಿ ತಿಂದು ಅಲ್ಲೇ ಅಡ್ಡಾದ್ರ ಹೊಟ್ಟಿ ಹುಳಿ ಮ್ಯಾಲ ಬಂದು ಗಂಟಲ ಸುಡತೈತಿ, ಮುಂಜಾನೆ ದನಿ ಒಡಕ. ಉಂಡು ಎರಡು ಮೂರು ತಾಸು ಬಿಟ್ಟು ಮಲಕೋರಿ. ಗುಟಖಾ, ಬೀಡಿ ಬಗ್ಗೆ ನಾನೇನೂ ಹೇಳೂದಿಲ್ಲ, ನಿಮಗ ಗೊತ್ತೈತಿ. ಖ್ಯಾಕರಿಸೂದು ಬಿಡ್ರಿ, ಅದು ತಂತು ತಂದು ಒಂದಕ್ಕೊಂದು ಬಡದಂಗ, ಬದಲಿಗೆ ಉಗುಳು ನುಂಗ್ರಿ.

9. ಮಕ್ಕಳಿದ್ರ

ಹನ್ನೆರಡರಿಂದ ಹದಿನೈದರ ನಡುವ ಗಂಡ ಹುಡುಗರ ದನಿ ಸುಮಾರು ಒಂದು ಸಪ್ತಕ ಕೆಳಗ ಇಳಿತೈತಿ, ತಂತು ಉದ್ದ ಆಗತಾವು. ನಿನ್ನೆ ಬಂದ ಸ್ವರ ಇವತ್ತು ಬರೂದಿಲ್ಲ, ಹುಡುಗ ಅಂಜತಾನ, ಮನ್ಯಾಗ ಬೈತಾರ, ಭಾಳ ಹುಡುಗರು ಹಾಡೂದ ಬಿಡೂದು ಇದ ವರ್ಷದಾಗ. ನಿಲ್ಲಸಬೇಕಾಗಿಲ್ಲ, ನಡುವಿನ ಐದಾರು ಸ್ವರದಾಗ ಸಣ್ಣ ದನಿಲೆ ಹಾಡಸ್ರಿ, ತಿಂಗಳಿಗೊಮ್ಮೆ ರೇಂಜ್ ಅಳೀರಿ, ಪಟ್ಟಿ ಬದಲ ಮಾಡ್ರಿ. ಹೆಣ್ಣು ಹುಡುಗ್ಯಾರಿಗೂ ದನಿ ಬದಲ ಆಗತೈತಿ, ಆದ್ರ ಎರಡು ಮೂರು ಮನಿ ಅಷ್ಟ, ಸ್ವಲ್ಪ ದಿನ ಗಾಳಿ ಗಾಳಿ ಕೇಳಸತೈತಿ. ಶಾಲಿ ಗ್ಯಾದರಿಂಗಿಗೆ ಹಾಡು ಕೊಡುಮುಂದ ಪೇಟಿ ಮಾಸ್ತರಗ ಒಂದ ವಾರ ಮೊದಲ ಹೋಗಿ "ಈ ಹುಡುಗಂದು ಈಗ ಇಂಥಾ ಪಟ್ಟಿ ಐತಿ" ಅಂತ ಹೇಳಿ ಬರ್ರಿ, ಸ್ಟೇಜ್ ಮ್ಯಾಲ ಹೋದಮ್ಯಾಲ ಇಳಸಾಕ ಯಾರೂ ಒಪ್ಪೂದಿಲ್ಲ.